ಕಡತವಿಲ್ಲದ ಮಗುವಿನ ಅರ್ಜಿ

ಕೆಲವು ನ್ಯೂನತೆಗಳಿಗೆ ಅವುಗಳೇ ಸಾಕ್ಷಿ. ಪೋಲಿಯೋದಿಂದ ಸೊರಗಿದ ಕಾಲನ್ನು ನೋಡಿದ ವೈದ್ಯರು ಹೆಚ್ಚಿನ ಪುರಾವೆ ಕೇಳುವುದಿಲ್ಲ. ಶ್ರವಣದೋಷವನ್ನು ಯಂತ್ರ ಅಳೆದು ತೋರಿಸುತ್ತದೆ. ಆದರೆ ಸ್ವಲೀನತೆ, ಅಂದರೆ ಜನರ ಬಾಯಲ್ಲಿ ಆಟಿಸಂ ಎಂದಿರುವ ಬೆಳವಣಿಗೆಯ ವ್ಯತ್ಯಾಸವನ್ನು ದೃಢಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮೈಕೈ ತುಂಬಿಕೊಂಡು ಲಕ್ಷಣವಾಗಿರುವ ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಓರಗೆಯ ಮಕ್ಕಳ ನಡುವೆ ಇದ್ದೂ ಇಲ್ಲದಂತಿರುತ್ತದೆ. ತಿರುಗುವ ಫ್ಯಾನನ್ನು ಗಂಟೆಗಟ್ಟಲೆ ದಿಟ್ಟಿಸುತ್ತದೆ. ಅಂತಹ ಮಗುವಿನ ತಂದೆತಾಯಿಗಳು ಸರ್ಕಾರದ ನೆರವಿಗೆ ಅರ್ಜಿ ಹಾಕಲು ಹೊರಟಾಗ ಎದುರಾಗುವ ಮೊದಲ ಪ್ರಶ್ನೆ, ‘ಕಾಗದಪತ್ರ ಏನೇನಿದೆ?’ ಎಂಬುದು. ಬಹುಪಾಲು ಮನೆಗಳಲ್ಲಿ ಹೇಳಿಕೊಳ್ಳುವಂಥ ಕಾಗದವೇನೂ ಇರುವುದಿಲ್ಲ. ಎಲ್ಲವನ್ನೂ ಹೊಂದಿಸಿಕೊಂಡ ಮೇಲೆ ನೋಡೋಣವೆಂದು ಅವರು ಹಿಂದಿರುಗುತ್ತಾರೆ, ವರ್ಷಗಳು ಉರುಳುತ್ತವೆ.

ಹೀಗೆ ಹಿಂದಿರುಗಬೇಕಾದ ಅಗತ್ಯವಿಲ್ಲವೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಸ್ವಲೀನತೆಯ ವಿಷಯದಲ್ಲಿ ವೈದ್ಯಕೀಯ ಮಂಡಳಿಗೆ ಬೇಕಾದ ಪ್ರಧಾನ ಸಾಕ್ಷ್ಯ ಆಸ್ಪತ್ರೆಯ ಕಪಾಟಿನಲ್ಲಿಲ್ಲ, ಮಗು ಬೆಳೆಯುತ್ತಿರುವ ಮನೆಯಲ್ಲಿಯೇ ಇದೆ.

ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನಂತಹ ಬಡಾವಣೆಗಳಲ್ಲಿ ಕಾಗದದ ಕೊರತೆ ಇತರೆಡೆಗಿಂತ ಹೆಚ್ಚು. ಅದಕ್ಕೆ ಊರಿನ ಚರಿತ್ರೆಯೇ ಕಾರಣ. 1880ರಲ್ಲಿ ಜಾನ್ ಟೇಲರ್ ಕಂಪನಿಯ ಕಾಲದಿಂದ ಮೊದಲುಗೊಂಡು ಮುಂದೆ ಸರ್ಕಾರಿ ಸ್ವಾಮ್ಯದ ಭಾರತ್ ಗೋಲ್ಡ್ ಮೈನ್ಸ್‌ವರೆಗೂ ಗಣಿ ಕಾರ್ಮಿಕನ ಕುಟುಂಬಕ್ಕೆ ಗಣಿಯದೇ ಆಸ್ಪತ್ರೆಯಿತ್ತು. ಹೆರಿಗೆ, ಜ್ವರ, ಗಾಯ, ಎದೆಯ ಎಕ್ಸ್‌ರೇ ಎಲ್ಲವೂ ಒಂದೇ ಸೂರಿನಡಿ ನಡೆಯುತ್ತಿದ್ದವು. ಶಿಲಾಧೂಳಿನಿಂದ ಶ್ವಾಸಕೋಶ ಹಾಳಾಗುವ ಸಿಲಿಕೋಸಿಸ್ ರೋಗದ ಊರು ಇದು. ಕಾಗದದ ಬೆಲೆ ಏನೆಂಬುದು ಇಲ್ಲಿನ ಹಿರಿಯರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಅದರೊಡನೆ ಆಸ್ಪತ್ರೆಯೂ ಮುಚ್ಚಿತು. ಇಪ್ಪತ್ತು ವರ್ಷ ಪಾಳುಬಿದ್ದಿದ್ದ ಆ ಕಟ್ಟಡವನ್ನು 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಸ್ವಯಂಸೇವಕರು ಶುಚಿಗೊಳಿಸಿ ರೋಗಿಗಳಿಗೆ ಅಣಿಗೊಳಿಸಿದ್ದನ್ನು ಓದುಗರು ಮರೆತಿರಲಾರರು. ಇಂದು ಇಲ್ಲಿ ಬೆಳೆಯುತ್ತಿರುವ ಮಕ್ಕಳೆಲ್ಲರೂ ಗಣಿ ಮುಚ್ಚಿದ ಬಳಿಕ ಹುಟ್ಟಿದವರು. ಒಂದು ಲಸಿಕೆ ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ, ಇನ್ನೊಂದು ಜ್ವರ ಆಂಡರ್ಸನ್‌ಪೇಟೆಯ ಯಾವುದೋ ಕ್ಲಿನಿಕ್ಕಿನಲ್ಲಿ, ಮಾತು ಬರಲಿಲ್ಲವೆಂದು ಒಮ್ಮೆ ಬೆಂಗಳೂರಿನಲ್ಲಿ: ಹೀಗೆ ಮಗುವಿನ ಚರಿತ್ರೆ ಚೂರುಚೂರಾಗಿ ಹಂಚಿಹೋಗಿರುತ್ತದೆ. ಮಳೆಗಾಲದಲ್ಲಿ ಸೋರುವ ಸಾಲುಮನೆಯಲ್ಲಿ ಚೀಟಿಗಳು ಉಳಿಯುವುದೂ ಅಷ್ಟಕ್ಕಷ್ಟೇ.

ಮತ್ತೊಂದು ಸಂಗತಿಯೂ ಇದೆ. ಗಣಿ ಮುಚ್ಚಿದ ಮೇಲೆ ಈ ಊರಿನ ದುಡಿಮೆ ರೈಲು ಹತ್ತಿತು. ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಉರಿಗಾಂ, ಕೋರಮಂಡಲ್, ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಸಾಗುವ ಗಾಡಿಗಳಲ್ಲಿ ತಂದೆ ಹೊರಡುತ್ತಾನೆ, ಎಷ್ಟೋ ಮನೆಗಳಲ್ಲಿ ತಾಯಿಯೂ ಹೊರಡುತ್ತಾಳೆ. ಅವರು ಮರಳುವ ವೇಳೆಗೆ ಮಗು ಮಲಗಿರುತ್ತದೆ. ಮಗುವನ್ನು ಹಗಲೆಲ್ಲ ಕಾಣುವವರು ಅಜ್ಜಿ, ತಾತ ಅಥವಾ ಪಕ್ಕದ ಮನೆಯವರು. ಈ ಮಾತನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವಿದೆ. ಮುಂದೆ ಅದು ಸ್ಪಷ್ಟವಾಗುತ್ತದೆ.

ನಿಯಮ ಕೇಳುವುದೇನು?

1995ರ ಅಂಗವಿಕಲರ ಅಧಿನಿಯಮದಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಅದನ್ನು ಹೆಸರಿಸಿತಾದರೂ, ಪ್ರಮಾಣಪತ್ರ ಬೇಕೆಂದರೆ ಬಹಳಷ್ಟು ತಂದೆತಾಯಿಗಳು ‘ಬುದ್ಧಿಮಾಂದ್ಯ’ ಎಂಬ ಶೀರ್ಷಿಕೆಯಡಿ ಪಡೆಯಬೇಕಾಗುತ್ತಿತ್ತು. ಬುದ್ಧಿಶಕ್ತಿ ಸಾಮಾನ್ಯ ಮಟ್ಟದಲ್ಲಿದ್ದು ಸ್ವಲೀನತೆಯಿರುವ ಮಗುವಿಗೆ ಆ ಬಾಗಿಲೂ ಮುಚ್ಚಿತ್ತು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸ್ವಲೀನತೆಗೆ ಪ್ರತ್ಯೇಕ ಪ್ರಮಾಣಪತ್ರ ನೀಡುವ ಮಾರ್ಗಸೂಚಿಯನ್ನು ಹೊರಡಿಸಿತು. ಅದೇ ವರ್ಷ ರೂಪುಗೊಂಡು 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವಿಕಲತೆಗಳನ್ನು ಗುರುತಿಸಿದ್ದು, ಸ್ವಲೀನತೆ ಅವುಗಳಲ್ಲಿ ಒಂದಾಗಿದೆ. ಈ ಕಾನೂನಿಗೆ ಇನ್ನೂ ಹತ್ತಿಪ್ಪತ್ತು ವರ್ಷಗಳ ರೂಢಿ ಇಲ್ಲದ ಕಾರಣ ಕಚೇರಿಯ ಕಿಟಕಿಯಾಚೆ ಕುಳಿತವರಿಗೂ ಒಮ್ಮೊಮ್ಮೆ ಗೊಂದಲವಿರುವುದು ಸಹಜ. ತಂದೆತಾಯಿಗಳೇ ನಿಯಮವನ್ನು ತಿಳಿದಿದ್ದರೆ ಇಬ್ಬರಿಗೂ ಅನುಕೂಲ.

2024ರಲ್ಲಿ ತಿದ್ದುಪಡಿಯಾದ 2017ರ ನಿಯಮಾವಳಿಯ ಪ್ರಕಾರ ಅರ್ಜಿಯೊಂದಿಗೆ ಕಡ್ಡಾಯವಾಗಿ ಬೇಕಾದುದು ಗುರುತಿನ ದಾಖಲೆ, ಇತ್ತೀಚಿನ ಭಾವಚಿತ್ರ, ಆಧಾರ್ ಸಂಖ್ಯೆ ಅಥವಾ ಆಧಾರ್ ನೋಂದಣಿಯ ಸಂಖ್ಯೆ. ಅಷ್ಟೆ. ಹಿಂದಿನ ವರ್ಷಗಳ ಚಿಕಿತ್ಸೆಯ ಕಡತ ಈ ಪಟ್ಟಿಯಲ್ಲಿಲ್ಲ. ಮಗುವಿನ ಪರವಾಗಿ ತಂದೆ, ತಾಯಿ ಅಥವಾ ಪಾಲಕರು ಅರ್ಜಿ ಸಲ್ಲಿಸಬಹುದು. ವಾಸವಿರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೆ ಸಲ್ಲಿಸಬಹುದು, ಇಲ್ಲವೆ ಮಗುವಿಗೆ ಚಿಕಿತ್ಸೆ ನಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲಿ ಸಲ್ಲಿಸಬಹುದು. ಮಗುವಿಗೆ ಸ್ವಲೀನತೆ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಎಂದು ನಿರ್ಣಯಿಸುವುದು ಮಂಡಳಿಯ ಕರ್ತವ್ಯ. ಅದನ್ನು ಮೊದಲೇ ಸಾಬೀತುಮಾಡಿಕೊಂಡು ಬರಬೇಕಾದ ಹೊಣೆ ತಾಯಿಯದಲ್ಲ. ಹಳೆಯ ಕಾಗದಗಳಿದ್ದರೆ ನಿರ್ಣಯ ಸುಲಭವಾಗುತ್ತದೆ ಎಂಬುದು ನಿಜ. ಇಲ್ಲದಿದ್ದರೆ ಅರ್ಜಿಯೇ ಕೂಡದು ಎಂಬುದು ನಿಜವಲ್ಲ.

2021ರ ಜೂನ್‌ನಿಂದ ಈ ಪ್ರಮಾಣಪತ್ರಗಳನ್ನು ಸ್ವಾವಲಂಬನ್ ಜಾಲತಾಣದ ಮೂಲಕವೇ ನೀಡಲಾಗುತ್ತಿದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸಬಹುದು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನಗರಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇವರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಡಿಯಲ್ಲಿ ದುಡಿಯುವವರು. ತಾವೂ ವಿಕಲಚೇತನರಾಗಿದ್ದು ಈ ಕಚೇರಿಗಳ ಮೆಟ್ಟಿಲನ್ನು ಹತ್ತಿಳಿದ ಅನುಭವವುಳ್ಳವರು ಇವರಲ್ಲಿ ಅನೇಕರು. ಮಧ್ಯವರ್ತಿಯ ಕೈಗೆ ಹಣವಿಡುವುದಕ್ಕೆ ಮೊದಲು ಇವರನ್ನು ಹುಡುಕುವುದು ಲೇಸು. ಅರ್ಜಿ ಸಲ್ಲಿಸಿದೊಡನೆ ದೊರೆಯುವ ನೋಂದಣಿ ಸಂಖ್ಯೆಯನ್ನು ಎರಡು ಕಡೆ ಬರೆದಿಟ್ಟುಕೊಳ್ಳಬೇಕು.

ನಲವತ್ತು ಪ್ರಶ್ನೆಗಳು

ಮಂಡಳಿಯಲ್ಲಿ ನಡೆಯುವುದೇನೆಂಬುದನ್ನು ತಿಳಿದರೆ ಸಾಕ್ಷ್ಯದ ಸ್ವರೂಪ ತಾನೇ ಅರ್ಥವಾಗುತ್ತದೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಸಿದ್ಧವಾದ ‘ಇಸಾ’ ಎಂಬ ಭಾರತೀಯ ಅಳತೆಗೋಲನ್ನು ನಮ್ಮ ದೇಶದಲ್ಲಿ ಸ್ವಲೀನತೆಯ ಪ್ರಮಾಣ ಅಳೆಯಲು ಬಳಸುತ್ತಾರೆ. ಅದರಲ್ಲಿ 40 ಅಂಶಗಳಿವೆ. ಜನರೊಡನೆ ಬೆರೆಯುವ ರೀತಿ, ಭಾವನೆಗಳ ಸ್ಪಂದನ, ಮಾತು ಮತ್ತು ಸಂವಹನ, ನಡವಳಿಕೆಯ ಮಾದರಿ, ಇಂದ್ರಿಯಾನುಭವ, ಗ್ರಹಿಕೆ ಎಂಬ ಆರು ವಿಭಾಗಗಳಲ್ಲಿ ಅವು ಹಂಚಿಕೆಯಾಗಿವೆ. ಪ್ರತಿಯೊಂದು ಅಂಶಕ್ಕೂ 1ರಿಂದ 5ರವರೆಗೆ ಅಂಕ. ಇಲ್ಲಿ ಗಮನಿಸಬೇಕಾದ ಮುಖ್ಯ ವಿಚಾರವೆಂದರೆ ಆ ಅಂಕ ನಿಂತಿರುವುದು ವರ್ತನೆ ‘ಇದೆಯೇ ಇಲ್ಲವೇ’ ಎಂಬುದರ ಮೇಲಲ್ಲ, ‘ಎಷ್ಟು ಸಲ’ ಎಂಬುದರ ಮೇಲೆ. ನೂರಕ್ಕೆ 20ರವರೆಗೆ ಕಂಡುಬಂದರೆ 1 ಅಂಕ, 40ರವರೆಗೆ 2, 60ರವರೆಗೆ 3, 80ರವರೆಗೆ 4, ಅದಕ್ಕೂ ಮೀರಿ ಸದಾ ಕಂಡುಬಂದರೆ 5. ಒಟ್ಟು ಅಂಕ 70ಕ್ಕಿಂತ ಕಡಿಮೆಯಾದರೆ ಸ್ವಲೀನತೆ ಇಲ್ಲವೆಂದೂ, 70ರಿಂದ 106 ಸೌಮ್ಯವೆಂದೂ, 107ರಿಂದ 153 ಮಧ್ಯಮವೆಂದೂ, ಅದಕ್ಕೆ ಮೀರಿದರೆ ತೀವ್ರವೆಂದೂ ಪರಿಗಣಿಸುತ್ತಾರೆ. 70 ಅಂಕವೆಂದರೆ ಶೇ. 40ರ ವಿಕಲತೆ. ಬಹುತೇಕ ಸೌಲಭ್ಯಗಳ ಹೊಸ್ತಿಲು ಆ ಶೇ. 40.

ಮನಶ್ಶಾಸ್ತ್ರಜ್ಞರು ಮಗುವನ್ನು ನೋಡುವುದು ಒಂದು ಗಂಟೆಯೋ, ಹೆಚ್ಚೆಂದರೆ ಎರಡು ಗಂಟೆಯೋ. ಆ ಹೊತ್ತಿನಲ್ಲಿ ಎಲ್ಲ ನಲವತ್ತು ಅಂಶಗಳೂ ಕಣ್ಣಿಗೆ ಬೀಳಲಾರವು. ಆದ್ದರಿಂದ ಅವರು ಕರೆತಂದವರನ್ನು ಕೇಳುತ್ತಾರೆ. ಕಿವಿ ಮುಚ್ಚಿಕೊಳ್ಳುತ್ತಾನೆಯೇ? ಎಷ್ಟು ಸಲ? ಹೇಳಿದ್ದನ್ನೇ ಮರಳಿ ಹೇಳುತ್ತಾನೆಯೇ? ಯಾವಾಗಲೂವೇ, ಒಮ್ಮೊಮ್ಮೆಯೇ? ಬೆಳಗಿನಿಂದ ರಾತ್ರಿಯವರೆಗೆ ಬೆಂಗಳೂರಿನಲ್ಲಿ ದುಡಿಯುವ ತಂದೆ ಇದಕ್ಕೆ ಏನೆಂದು ಉತ್ತರಿಸಬಲ್ಲ? ‘ಸ್ವಲ್ಪ ಹಟ ಮಾಡುತ್ತಾನೆ ಸಾರ್’ ಎನ್ನುತ್ತಾನೆ. ಆ ಒಂದು ಮಾತಿನಿಂದ 4 ಇರಬೇಕಾದ ಅಂಕ 2ಕ್ಕೆ ಇಳಿಯಬಹುದು. ಇಂತಹ ಹತ್ತು ಉತ್ತರಗಳು ಸೇರಿದರೆ ಮಗು ಹೊಸ್ತಿಲಿನಿಂದ ಆಚೆಗೇ ಉಳಿಯುತ್ತದೆ. ಅಜ್ಜಿಯ ಮಾತನ್ನು ಮೇಲೆ ಎತ್ತಿದ್ದು ಇದಕ್ಕಾಗಿಯೇ. ಮಗುವಿನ ಹಗಲನ್ನು ಯಾರು ಕಾಣುತ್ತಾರೋ ಅವರು ಮಂಡಳಿಯ ದಿನ ಜೊತೆಗಿರಲೇಬೇಕು. ಅಜ್ಜಿಗೆ ಓದುಬರಹ ಬಾರದಿರಬಹುದು. ಆದರೆ ಆ ನಲವತ್ತು ಪ್ರಶ್ನೆಗಳಿಗೆ ಮನೆಯಲ್ಲಿ ಅವರಷ್ಟು ಖಚಿತವಾಗಿ ಉತ್ತರಿಸಬಲ್ಲವರು ಬೇರೊಬ್ಬರಿರಲಾರರು.

ಅದಕ್ಕೂ ಮೊದಲು ಒಂದು ನೋಟ್‌ಬುಕ್ ಬೇಕು. ಮೂರು ನಾಲ್ಕು ವಾರ ಪ್ರತಿದಿನ ಕೆಲವೇ ಸಾಲು ಬರೆದರೂ ಸಾಕು. ಸಾಹಿತ್ಯ ಬೇಡ, ಲೆಕ್ಕ ಬೇಕು. ‘ತುಂಬಾ ತೊಂದರೆ ಕೊಡುತ್ತಾನೆ’ ಎಂದು ಬರೆದರೆ ಪ್ರಯೋಜನವಿಲ್ಲ. ಹೀಗೆ ಬರೆಯಬಹುದು: ‘ಸೋಮವಾರ. ಹೆಸರು ಹಿಡಿದು 10 ಸಲ ಕರೆದೆವು, 2 ಸಲ ತಿರುಗಿದ. ಬುಧವಾರ. ಕುಕ್ಕರ್ ಕೂಗಿದ ಕೂಡಲೇ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಓಡಿದ, 20 ನಿಮಿಷ ಅತ್ತ. ಶುಕ್ರವಾರ. ಅಂಗಡಿಗೆ ಬೇರೆ ಬೀದಿಯಿಂದ ಕರೆದೊಯ್ದಾಗ ನೆಲದ ಮೇಲೆ ಹೊರಳಿದ, ದಿನದ ದಾರಿಗೇ ಮರಳಬೇಕಾಯಿತು. ಶನಿವಾರ. ಬಾಗಿಲು ತೆರೆದಿದ್ದಾಗ ರೈಲು ಹಳಿಯ ಕಡೆಗೆ ಹೋಗಿದ್ದ, ಗಾಡಿಯ ಸದ್ದಿಗೂ ಹೆದರಲಿಲ್ಲ.’ ಹತ್ತು ಸಲ ಕರೆದಾಗ ಎಂಟು ಸಲ ತಿರುಗಲಿಲ್ಲವೆಂಬುದು ಮನಶ್ಶಾಸ್ತ್ರಜ್ಞರ ಭಾಷೆಗೆ ನೇರವಾಗಿ ಹೊಂದುವ ಮಾತು. ಅಪಾಯದ ಅರಿವಿಲ್ಲದಿರುವುದು ಆ ನಲವತ್ತರಲ್ಲಿ ಒಂದು ಅಂಶ. ಸೈನೈಡ್ ದಿಬ್ಬಗಳೂ ರೈಲು ಹಳಿಗಳೂ ಮನೆಯ ಆಸುಪಾಸಿನಲ್ಲಿರುವ ಊರಿನಲ್ಲಿ ಅದು ಪ್ರಾಣದ ಪ್ರಶ್ನೆಯೂ ಹೌದು. ಮಗು ಚೆನ್ನಾಗಿದ್ದ ದಿನವನ್ನೂ ಬರೆಯಬೇಕು. ಒಳ್ಳೆಯ ದಿನಗಳೂ ಇರುವ ಬರಹವನ್ನೇ ವೈದ್ಯರು ಹೆಚ್ಚು ನಂಬುತ್ತಾರೆ.

ಎರಡನೆಯದು ಮೊಬೈಲ್. ಮೊದಲ ಹುಟ್ಟುಹಬ್ಬದ ವಿಡಿಯೋದಲ್ಲಿ ‘ಅಮ್ಮ, ತಾತ’ ಎಂದ ಮಗು ಎರಡನೆಯ ವರ್ಷದ ಹೊತ್ತಿಗೆ ಆ ಮಾತುಗಳನ್ನು ಬಿಟ್ಟಿದ್ದರೆ, ಬಂದ ಮಾತು ಮರೆಯಾದುದಕ್ಕೆ ಆ ವಿಡಿಯೋಗಿಂತ ದೊಡ್ಡ ಸಾಕ್ಷ್ಯವಿಲ್ಲ. ಅಳತೆಗೋಲಿನಲ್ಲಿ ಆ ಅಂಶವೂ ಇದೆ. ನಾಮಕರಣ, ಮದುವೆಮನೆ, ಯುಗಾದಿ, ಎಲ್ಲೆಲ್ಲಿ ಚಿತ್ರೀಕರಣ ನಡೆದಿತ್ತೋ ಅಲ್ಲೆಲ್ಲ ಹುಡುಕಬೇಕು. ಬಂಧುಗಳ ಫೋನುಗಳಲ್ಲಿಯೂ ಕೇಳಬೇಕು. ಈಗಿನ ವರ್ತನೆಯ ಒಂದೊಂದು ನಿಮಿಷದ ಐದಾರು ತುಣುಕುಗಳಿದ್ದರೆ ಸಾಕು. ಮಗುವಿನ ಸಂಕಟದ ಗಳಿಗೆಯನ್ನು ನೆಂಟರಿಷ್ಟರ ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಳ್ಳುವುದು ಮಾತ್ರ ಸಲ್ಲದು. ಅದು ವೈದ್ಯರ ಕಣ್ಣಿಗೆ ಮೀಸಲು.

ಇನ್ನು ಕಾಗದ. ಏನೂ ಇಲ್ಲವೆನ್ನುವ ಮನೆಯಲ್ಲಿಯೂ ತಾಯಿ ಕಾರ್ಡ್ ಇರುತ್ತದೆ. ಹೆರಿಗೆಯ ವಿವರ, ಹುಟ್ಟಿದಾಗಿನ ತೂಕ, ಲಸಿಕೆ ಅದರಲ್ಲಿವೆ. ಅಂಗನವಾಡಿ ಕಾರ್ಯಕರ್ತೆ ಮಗುವನ್ನು ವರ್ಷಗಟ್ಟಲೆ ಕಂಡಿರುತ್ತಾರೆ. ಇತರ ಮಕ್ಕಳೊಡನೆ ಹೇಗಿರುತ್ತಾನೆಂದು ಅವರು ಒಂದು ಪುಟ ಬರೆದುಕೊಟ್ಟರೆ, ಶಾಲೆಗೆ ಹೋಗುವ ಮಗುವಾದರೆ ತರಗತಿಯ ಶಿಕ್ಷಕರು ಬರೆದುಕೊಟ್ಟರೆ, ಅದಕ್ಕೆ ತೂಕವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಬೆಳವಣಿಗೆಯ ತೊಂದರೆಗಳನ್ನು ಗುರುತಿಸಿ ಮುಂದಿನ ತಪಾಸಣೆಗೆ ಚೀಟಿ ಬರೆದುಕೊಡುವುದು ಅವರ ಕೆಲಸ. ಆ ಚೀಟಿ ಹಿಡಿದು ಸುಮಾರು 30 ಕಿ.ಮೀ. ದೂರದ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಗೆ ಹೋದರೆ ಮೊದಲ ಅಧಿಕೃತ ದಾಖಲೆ ಅಲ್ಲಿಂದಲೇ ಆರಂಭವಾಗುತ್ತದೆ. ಜೊತೆಗೆ ಶ್ರವಣ ಪರೀಕ್ಷೆ ಮಾಡಿಸಿರಬೇಕು. ಕರೆದರೆ ತಿರುಗದ ಮಗುವಿಗೆ ಕಿವಿ ಕೇಳಿಸುತ್ತದೆಯೇ ಎಂಬುದು ಮಂಡಳಿಯ ಮೊದಲ ಸಂದೇಹವಾಗಿರುತ್ತದೆ. ‘ಶ್ರವಣ ಸಾಮಾನ್ಯ’ ಎಂಬ ವರದಿ ಆ ಸಂದೇಹವನ್ನು ನಿವಾರಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಿಗೆ ಹಿಂದೆ ಎಂದಾದರೂ ಹೋಗಿದ್ದು ಚೀಟಿ ಕಳೆದಿದ್ದರೆ, ಹೋದ ವರ್ಷವನ್ನೂ ಹೆಸರು ನೋಂದಾಯಿಸಿದ ರೀತಿಯನ್ನೂ ತಿಳಿಸಿ ದಾಖಲೆಯ ಪ್ರತಿ ಕೋರಬಹುದು.

ಭಾಷೆಯ ಮಾತನ್ನು ಇಲ್ಲಿ ಹೇಳದಿರಲಾಗದು. ಚಾಂಪಿಯನ್ ರೀಫ್ಸ್‌ನ ಬೀದಿಯಲ್ಲಿ ಮಗುವಿನ ಕಿವಿಗೆ ತಮಿಳು, ತೆಲುಗು, ಕನ್ನಡ ಮೂರೂ ಬೀಳುತ್ತವೆ. ‘ಮೂರು ಭಾಷೆಯ ಗಲಿಬಿಲಿಯಿಂದ ಮಾತು ತಡವಾಗಿದೆ, ತಾನೇ ಸರಿಹೋಗುತ್ತದೆ’ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಬಹುಭಾಷೆಯ ವಾತಾವರಣ ಸ್ವಲೀನತೆಯನ್ನು ಉಂಟುಮಾಡುವುದಿಲ್ಲ; ಇದೇ ಬೀದಿಯ ಇತರ ಮಕ್ಕಳು ಮೂರರಲ್ಲಿಯೂ ಜಗಳವಾಡುವುದನ್ನು ನೋಡಿದರೆ ಸಾಕು. ಆದರೆ ಪರೀಕ್ಷೆಯ ದಿನ ಭಾಷೆ ಮುಖ್ಯವಾಗುತ್ತದೆ. ಮನೆಯಲ್ಲಿ ಮಗುವಿನೊಡನೆ ಆಡುವ ಭಾಷೆ ಯಾವುದೆಂದು ಮೊದಲೇ ತಿಳಿಸಬೇಕು. ಪರಿಚಯವಿಲ್ಲದ ಭಾಷೆಯಲ್ಲಿ ಪ್ರಶ್ನೆ ಕೇಳಿ ಮಗು ಉತ್ತರಿಸಲಿಲ್ಲವೆಂದು ಬರೆದುಕೊಂಡರೆ ಅದು ನಿಜವಾದ ಅಳತೆಯಾಗದು.

ಮಂಡಳಿಯ ಮುಂದೆ ನಮ್ಮ ತಾಯಂದಿರಿಗೆ ಮತ್ತೊಂದು ತೊಡಕು ಎದುರಾಗುತ್ತದೆ. ಮಗುವಿನ ಕೊರತೆಯನ್ನು ಅಪರಿಚಿತರೆದುರು ಎಣಿಸಿ ಹೇಳಲು ಮನಸ್ಸು ಒಪ್ಪುವುದಿಲ್ಲ. ‘ಈಗ ಎಷ್ಟೋ ವಾಸಿ’, ‘ಬಹಳ ಜಾಣ, ಎಲ್ಲ ಗೊತ್ತಾಗುತ್ತದೆ’ ಎಂಬ ಮಾತುಗಳೇ ಬಾಯಿಗೆ ಬರುತ್ತವೆ. ಮಾತೃಹೃದಯ ಹಾಗಿರುವುದು ಸಹಜವೇ. ಆದರೂ ಆ ಒಂದು ಗಂಟೆ ಇರುವುದನ್ನು ಇರುವಂತೆ ಹೇಳಬೇಕು. ನೋಟ್‌ಬುಕ್ ಆಗ ನೆರವಿಗೆ ಬರುತ್ತದೆ, ಏಕೆಂದರೆ ಬರೆದದ್ದನ್ನು ಓದಿ ಹೇಳುವುದು ಸುಲಭ. ಇಲ್ಲದ್ದನ್ನು ಸೇರಿಸುವುದೂ ಅಷ್ಟೇ ಕೆಟ್ಟದು. ಶೇಕಡಾವಾರು ಹೆಚ್ಚಿಸಿಕೊಡುತ್ತೇನೆನ್ನುವ ಮಧ್ಯವರ್ತಿಗಳಿದ್ದಾರೆ. ಸುಳ್ಳು ದಾಖಲೆಯಿಂದ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಎಂದು 2016ರ ಅಧಿನಿಯಮದಲ್ಲಿದೆ. ಮಗುವನ್ನು ಸುಮ್ಮನಿರಿಸಲು ಕೈಗೆ ಮೊಬೈಲ್ ಕೊಟ್ಟು ಪರೀಕ್ಷೆಯ ಕೋಣೆಗೆ ಕರೆದೊಯ್ಯಬಾರದು. ಪರದೆ ನೋಡುತ್ತಾ ಕುಳಿತ ಮಗುವಿನಲ್ಲಿ ವೈದ್ಯರಿಗೆ ಕಾಣುವುದು ಎಲ್ಲ ಮಕ್ಕಳಲ್ಲಿಯೂ ಕಾಣುವಂಥದೇ. ಹಸಿವಿಗೆ ಬೇಕಾದುದನ್ನೂ ಮೆಚ್ಚಿನ ಒಂದು ಆಟಿಕೆಯನ್ನೂ ಕೊಂಡೊಯ್ಯಬಹುದು.

ಅರ್ಜಿಗೆ ಒಂದು ತಿಂಗಳೊಳಗೆ ಪ್ರಮಾಣಪತ್ರ ನೀಡಬೇಕೆಂದು 2017ರ ನಿಯಮವಿತ್ತು. 2024ರ ತಿದ್ದುಪಡಿಯ ಬಳಿಕ ಆ ಅವಧಿ ಮೂರು ತಿಂಗಳು. ಅದೇ ತಿದ್ದುಪಡಿಯಂತೆ ಎರಡು ವರ್ಷ ಇತ್ಯರ್ಥವಾಗದೆ ಉಳಿದ ಅರ್ಜಿ ನಿಷ್ಕ್ರಿಯವಾಗಿ, ಮತ್ತೆ ಹೊಸದಾಗಿ ಸಲ್ಲಿಸಬೇಕಾಗುತ್ತದೆ. ಹೀಗಾಗಿ ಸಲ್ಲಿಸಿ ಮರೆತುಬಿಡುವಂತಿಲ್ಲ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ತಿಳಿಸುವುದು ಪ್ರಾಧಿಕಾರದ ಹೊಣೆ. ‘ಆಗುವುದಿಲ್ಲ, ಹೋಗಿ’ ಎಂಬ ಬಾಯಿಮಾತನ್ನು ನಿರ್ಣಯವೆಂದು ಒಪ್ಪಿಕೊಂಡು ಬರಬಾರದು, ಏಕೆಂದರೆ ಬರಹದ ನಿರ್ಣಯವಿದ್ದರೆ ಮಾತ್ರ ಅಧಿನಿಯಮದ 59ನೆಯ ಪ್ರಕರಣದಡಿ ಮೇಲ್ಮನವಿಗೆ ದಾರಿ. ಅಂಕಗಳ ವಿವರವುಳ್ಳ ಮೌಲ್ಯಮಾಪನ ವರದಿಯ ಪ್ರತಿಯನ್ನೂ ಕೇಳಿ ಪಡೆಯುವುದು ಒಳಿತು. ಯಾವ ವಿಭಾಗದಲ್ಲಿ ಅಂಕ ಕಡಿಮೆಯಾಯಿತೆಂದು ಅದರಿಂದ ತಿಳಿಯುತ್ತದೆ. ಮೇಲ್ಮನವಿಗೆ ಹೊಸದಾಗಿ ಏನನ್ನು ಜೋಡಿಸಬೇಕೆಂಬುದೂ ಆಗ ಗೊತ್ತಾಗುತ್ತದೆ.

ಪ್ರಮಾಣಪತ್ರದೊಡನೆ ಬರುವ ವಿಶಿಷ್ಟ ಗುರುತಿನ ಚೀಟಿಗೆ ಮೂರು ಬಣ್ಣ: ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರೊಳಗಿದ್ದರೆ ಹಳದಿ, 80 ಹಾಗೂ ಮೇಲ್ಪಟ್ಟರೆ ನೀಲಿ. ‘ಈ ಚೀಟಿ ಮಾಡಿಸಿದರೆ ಮನೆತನಕ್ಕೆ ಮೊಹರು ಬಿದ್ದಂತೆ, ನಾಳೆ ಅಕ್ಕನ ಮದುವೆಗೆ ಅಡ್ಡಿ’ ಎಂದು ಹಿಂಜರಿಯುವ ಹಿರಿಯರು ನಮ್ಮ ಭಕ್ತಸಮೂಹದಲ್ಲಿಯೂ ಇದ್ದಾರೆ. ಅವರಿಗೆ ಹೇಳಬಹುದಾದುದಿಷ್ಟು: ಚೀಟಿಯನ್ನು ಬಾಗಿಲಿಗೆ ತೂಗುಹಾಕಬೇಕಾಗಿಲ್ಲ, ಬೇಕಾದ ಕಡೆ ಮಾತ್ರ ತೋರಿಸಬಹುದು. ಜಾತ್ರೆಯ ನಗಾರಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ಕಂಡು ‘ಹೆತ್ತವರು ಬುದ್ಧಿ ಕಲಿಸಿಲ್ಲ’ ಎಂದು ಗೊಣಗುವ ನಾವೇ ಆ ಕುಟುಂಬಕ್ಕೆ ಚೀಟಿಗಿಂತ ಗಟ್ಟಿಯಾದ ಮೊಹರು ಒತ್ತುತ್ತಿದ್ದೇವೆ.

ಚೀಟಿ ಕೈಸೇರಿದ ಬಳಿಕ ದೊರೆಯುವುದೇನು? ರಾಜ್ಯ ಸರ್ಕಾರದ ಮಾಸಿಕ ಪೋಷಣಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಅದಕ್ಕೆ ಕುಟುಂಬದ ಆದಾಯಮಿತಿ ಇದೆ. ವಿಕಲತೆಯ ಶೇಕಡಾವಾರಿಗೆ ಅನುಗುಣವಾಗಿ ಮೊತ್ತ ಬದಲಾಗುತ್ತದೆ. ಸರ್ಕಾರ ಕಾಲಕಾಲಕ್ಕೆ ಈ ಮೊತ್ತವನ್ನು ಪರಿಷ್ಕರಿಸುವುದರಿಂದ ಅಲ್ಲಿಯೇ ವಿಚಾರಿಸುವುದು ಸೂಕ್ತ. ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟರೆ ಒಂದು ಓಡಾಟ ಉಳಿಯುತ್ತದೆ.

ಇದಕ್ಕಿಂತ ಹೆಚ್ಚು ಉಪಯುಕ್ತವಾಗಿದ್ದರೂ ನಮ್ಮ ಭಾಗದಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಾರದಿರುವುದು ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆ. ಸ್ವಲೀನತೆ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗಾಗಿಯೇ ಇರುವ ಯೋಜನೆಯಿದು. ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆ. ಸೇರುವ ಮುನ್ನ ವೈದ್ಯಕೀಯ ತಪಾಸಣೆಯಿಲ್ಲ, ವಯಸ್ಸಿನ ಮಿತಿಯಿಲ್ಲ. ಸಾಮಾನ್ಯ ವಿಮಾ ಕಂಪನಿಗಳು ಮುಟ್ಟಲು ಹಿಂಜರಿಯುವ ಮಾತಿನ ತರಬೇತಿ ಮತ್ತಿತರ ಥೆರಪಿಗಳ ಖರ್ಚಿಗೂ ಅದರಲ್ಲಿ ಅವಕಾಶವಿದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಶುಲ್ಕ ಕಡಿಮೆ. ಥೆರಪಿಯ ರಸೀದಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟವರಿಗೆ ಮಾತ್ರ ಹಣ ಮರಳುತ್ತದೆ.

ಶಾಲೆಯ ವಿಷಯದಲ್ಲಿ ಶೇ. 40ರ ಹೊಸ್ತಿಲು ದಾಟಿದ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಸಮಗ್ರ ಶಿಕ್ಷಣ ಯೋಜನೆಯಡಿ ತಾಲ್ಲೂಕಿಗೆ ವಿಶೇಷ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲಿಯೇ ಕಲಿಸುವ ವ್ಯವಸ್ಥೆಯೂ ಇದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಬೆಮೆಲ್‌ನಂತಹ ಕಾರ್ಖಾನೆಗಳಲ್ಲಿ ದುಡಿಯುತ್ತಾ ಆದಾಯ ತೆರಿಗೆ ಕಟ್ಟುವ ತಂದೆತಾಯಿಗಳು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ 80 ಡಿಡಿ ಪ್ರಕರಣದಡಿ 75,000 ರೂಪಾಯಿ, ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ ಪಡೆಯಬಹುದು.

ಪ್ರಮಾಣಪತ್ರ ಬರಲೆಂದು ಕಾಯುತ್ತಾ ಥೆರಪಿಯನ್ನು ಮುಂದೂಡುವುದು ಬೇಡ. ಎಳೆಯ ವಯಸ್ಸಿನ ತರಬೇತಿಗೆ ಇರುವ ಫಲ ಮುಂದೆ ಸಿಗದು. ಜಿಲ್ಲಾ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿದ ದಿನವೇ ಮಾತಿನ ತರಬೇತಿ, ನಡವಳಿಕೆಯ ತರಬೇತಿಗಳ ಬಗ್ಗೆ ಕೇಳಬಹುದು. ಅಲ್ಲಿ ಸಿಗುವ ಪ್ರತಿಯೊಂದು ಚೀಟಿಯೂ ಅರ್ಜಿಗೆ ಸೇರುವ ಹೊಸ ದಾಖಲೆಯಾಗುತ್ತದೆ.

ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಮೇಲೆ ಮುಕ್ತಾಯದ ದಿನಾಂಕವಿರುತ್ತದೆ. ಆ ದಿನ ಕಳೆದರೆ ಪೋಷಣಾ ವೇತನಕ್ಕೂ ತಡೆಯಾಗಬಹುದು. ದಿನಾಂಕಕ್ಕೆ ನಾಲ್ಕು ತಿಂಗಳಿರುವಾಗ ಮತ್ತೊಂದು ನೋಟ್‌ಬುಕ್ ತೆರೆದು, ಹಿಂದಿನದರಲ್ಲಿ ‘ಹತ್ತು ಸಲಕ್ಕೆ ಎರಡು ಸಲ ತಿರುಗಿದ’ ಎಂದಿರುವುದು ಈಗ ಎಷ್ಟಾಗಿದೆಯೆಂದು ಎಣಿಸಿ ಬರೆಯಲು ಆರಂಭಿಸಬೇಕು.